ಅಸಲಿ ರುಚಿಯ ರಾಯರು

ಸಿಯೆನಾದ ಕಾಫಿ ಅಂಗಡಿಯಲ್ಲಿ ಹನ್ನೊಂದು ಗಂಟೆ ದಾಟಿದ ಮೇಲೆ ನೀವೇನಾದರೂ ಕಾಪುಚಿನೊ ಕೇಳಿದಿರೋ, ಪಕ್ಕದಿಂದ ಒಂದು ಕೆಮ್ಮು ಬರುತ್ತದೆ. ಕೆಮ್ಮಿದವರು ಇಟಲಿಯವರಲ್ಲ, ಅವರು ಪಾಪ, ದುಡ್ಡು ಎಣಿಸಿಕೊಂಡು ಕೇಳಿದ್ದು ಕೊಡುತ್ತಾರೆ. ಕೆಮ್ಮಿದವರು ಜಯನಗರದ ರಾಯರು. “ಊಟದ ಹೊತ್ತಾಗ್ತಾ ಬಂತು, ಈಗ ಹಾಲಿನ ಕಾಫಿ ಕುಡಿದರೆ ಇಲ್ಲಿಯವರು ನಗ್ತಾರೆ.” ಬ್ಯಾಂಕಿನಲ್ಲಿದ್ದಷ್ಟು ಕಾಲವೂ ಇವರು ನಾಲ್ಕು ಹೊತ್ತು ಫಿಲ್ಟರ್ ಕಾಫಿ ಕುಡಿದವರೇ ಎಂದು ನೆನಪಿಸುವ ಧೈರ್ಯ ಅವರ ಮನೆಯವರಿಗಿದೆ, ಜೊತೆಗೆ ಬಂದ ನಮ್ಮಂಥವರಿಗಿಲ್ಲ.

ಹಿಂದೆ ರಾಯರೂ ಚಟ್ನಿಪುಡಿ ಡಬ್ಬಿ ಹಿಡಿದು ಪ್ಯಾಕೇಜ್ ಟೂರಿನಲ್ಲೇ ಬರುತ್ತಿದ್ದರು. ಈಗ ಮಗಳು ಮ್ಯೂನಿಕ್ಕಿನಲ್ಲಿದ್ದಾಳೆ, ಅಳಿಯ ಕಾರು ಓಡಿಸುತ್ತಾನೆ, ಡಬ್ಬಿಯ ಜಾಗದಲ್ಲಿ ಒಂದು ನೋಟ್‌ಬುಕ್ ಬಂದು ಕೂತಿದೆ. ವ್ರತ ಒಂದೇ: ಯಾವ ಊರಿಗೆ ಹೋದರೆ ಆ ಊರಿನದ್ದನ್ನೇ ಉಣ್ಣಬೇಕು. ಟಸ್ಕನಿಯ ಗುಡ್ಡದ ಮೇಲೆ ಪಿಜ್ಜಾ ಬೇಕೆಂದು ಅತ್ತ ಮೊಮ್ಮಗನಿಗೆ ಸಿಕ್ಕಿದ್ದು, ಪಿಜ್ಜಾ ನೇಪಲ್ಸಿನದು ಎಂಬ ಭೂಗೋಳದ ಪಾಠ.

ಮೊಂಟೆಪುಲ್ಚಾನೊದಲ್ಲಿ ಪಿಚಿ ಬಂತು. ಹಿಟ್ಟು, ನೀರು ಕಲಸಿ ಅಂಗೈಯಲ್ಲಿ ಹೊಸೆದ ದಪ್ಪ ದಪ್ಪ ಎಳೆ. ಮೇಲೆ ಟೊಮೆಟೊ, ಪಕ್ಕದ ವಾಲ್ದಿಕಿಯಾನಾ ಕಣಿವೆಯ ಭಾರಿ ಗಾತ್ರದ ಬೆಳ್ಳುಳ್ಳಿ. ಆಲ್ಯೋನೆ ಎನ್ನುವ ಈ ಬೆಳ್ಳುಳ್ಳಿಗೆ ಘಾಟು ಕಡಿಮೆ, ಬೆಂದರೆ ಬೆಣ್ಣೆ. ಇದನ್ನು ರಾಯರು ವಿವರಿಸಿ ಮುಗಿಸುವಷ್ಟರಲ್ಲಿ ಅವರ ತಟ್ಟೆ ಆರಿತ್ತು, ಉಳಿದವರ ತಟ್ಟೆ ಖಾಲಿಯಾಗಿತ್ತು. ಮರುದಿನ ಓರ್ವಿಯೆಟೊದಲ್ಲಿ ಉಂಬ್ರಿಕೆಲ್ಲಿ.

“ನಿನ್ನೆ ತಿಂದದ್ದೇ ಅಲ್ವೇನ್ರೀ ಇದು?”

“ಅದು ಟಸ್ಕನಿ, ಇದು ಉಂಬ್ರಿಯಾ. ಪ್ರಾಂತ್ಯವೇ ಬೇರೆ ಕಣೇ!”

“ಹಿಟ್ಟು?”

“ಗೋಧೀದೇ.”

“ಹೊಸೆಯೋದು?”

ರಾಯರು ನೋಟ್‌ಬುಕ್ ತಿರುವಿದರು. ಅಮ್ಮಾವ್ರು ಎರಡನೇ ಸಲ ಬಡಿಸಿಕೊಂಡರು.

ಹೋಟೆಲು ಹುಡುಕುವುದಕ್ಕೂ ಇವರದೊಂದು ಶಾಸ್ತ್ರ. ಬಾಗಿಲಲ್ಲಿ ಫೋಟೋ ಇರಬಾರದು, ಮೆನು ಇಂಗ್ಲಿಷಿನಲ್ಲಿರಬಾರದು, ಒಳಗೆ ಪ್ರವಾಸಿಗರು ಇರಲೇಬಾರದು (ತಾವು ಯಾರೆಂಬ ಪ್ರಶ್ನೆ ರಾಯರನ್ನು ಕಾಡಿದ್ದಿಲ್ಲ). ಅಂಥದ್ದೊಂದನ್ನು ಹುಡುಕುತ್ತ ಕಲ್ಲುಮೆಟ್ಟಿಲ ಓಣಿಗಳನ್ನೆಲ್ಲ ಹತ್ತಿಳಿದು ಮುಟ್ಟುವ ಹೊತ್ತಿಗೆ ಎರಡೂವರೆ. ಅಡುಗೆಮನೆ ಮುಚ್ಚಿದೆ, ಇನ್ನು ತೆರೆಯುವುದು ರಾತ್ರಿ ಏಳೂವರೆಗೆ. ಊರವರೆಲ್ಲ ಉಂಡು ಮನೆಗೆ ಹೋಗಿರುತ್ತಾರೆ. “ನೋಡಿದಿರಾ, ಎಂಥಾ ಶಿಸ್ತು!” ಎಂದು ರಾಯರು ಹಸಿದ ಹೊಟ್ಟೆಯಲ್ಲೇ ಮೆಚ್ಚುತ್ತಾರೆ.

ಉಪ್ಪಿಲ್ಲದ ಬ್ರೆಡ್ಡು ಮಾತ್ರ ಅವರ ವ್ರತಕ್ಕೇ ಪರೀಕ್ಷೆ. ಪೆರುಜಾದಲ್ಲಿ ಅಳಿಯ ಒಂದು ತುಣುಕು ಬಾಯಿಗಿಟ್ಟು ಮುಖ ಹುಳ್ಳಗೆ ಮಾಡಿದ್ದೇ ತಡ, 1540ನೇ ಇಸವಿ ಬಂತು. ಪೋಪ್ ಮೂರನೇ ಪಾಲ್ ಉಪ್ಪಿನ ಬೆಲೆ ಏರಿಸಿದ್ದು, ಊರು ದಂಗೆಯೆದ್ದು ಸೋತಿದ್ದು, ಸೋತವರ ತಲೆಯ ಮೇಲೆ ಪೋಪ್ ಕೋಟೆ ಕಟ್ಟಿಸಿದ್ದು, ಆ ಸಿಟ್ಟಿಗೆ ಜನ ಹಿಟ್ಟಿಗೆ ಉಪ್ಪು ಹಾಕುವುದನ್ನೇ ಬಿಟ್ಟಿದ್ದು. ದಂಗೆ, ಕೋಟೆ ಎರಡೂ ನಿಜ. ಬ್ರೆಡ್ಡಿನ ಮಾತನ್ನು ಚರಿತ್ರೆ ಬಲ್ಲವರು ಪೂರ್ತಿ ಒಪ್ಪುವುದಿಲ್ಲ. ನನ್ನನ್ನು ಕೇಳಿದರೆ ಆ ಬ್ರೆಡ್ಡು ಒಂಟಿಯಾಗಿ ತಿನ್ನುವ ಪದಾರ್ಥವೇ ಅಲ್ಲ. ತಂಗಳು ಬ್ರೆಡ್ಡು, ಬಿಳಿ ಹುರುಳಿಕಾಯಿ ಬೀಜ, ಟಸ್ಕನಿಯ ಕಪ್ಪು ಎಲೆಕೋಸು ಹಾಕಿ ಕುದಿಸಿ, ಮರುದಿನ ಮತ್ತೆ ಕುದಿಸಿ, ಮೇಲೆ ಹಸಿ ಆಲಿವ್ ಎಣ್ಣೆ ಸುರಿದ ರಿಬೊಲ್ಲಿತಾ ಉಂಡರೆ, ಉಪ್ಪಿಲ್ಲದ ಬ್ರೆಡ್ಡಿನ ಮೇಲಿನ ಸಿಟ್ಟೆಲ್ಲ ಇಳಿಯುತ್ತದೆ. ಆದರೆ ಅದು ಸಿಯೆನಾ ಕಡೆಯದು. ಪೆರುಜಾದಲ್ಲಿ ಕೂತು ಅದನ್ನು ಹೊಗಳುವುದು ರಾಯರ ಪ್ರಕಾರ ಅಪಚಾರ. ಆ ಅಪಚಾರದ ಚರ್ಚೆ ನಡೆಯುತ್ತಿದ್ದಾಗಲೇ ಅಮ್ಮಾವ್ರ ವ್ಯಾನಿಟಿ ಬ್ಯಾಗಿನಿಂದ ಮಿಡಿ ಉಪ್ಪಿನಕಾಯಿಯ ಪೊಟ್ಟಣವೊಂದು ಟೇಬಲಿನ ಕೆಳಗಿಂದ ಅಳಿಯನ ಕೈ ಸೇರಿತು.

ರಾಯರು ಶುದ್ಧ ಸಸ್ಯಾಹಾರಿ, ಅದನ್ನು ಹೇಳುವುದೇ ಮರೆತೆ. ನೋರ್ಚಾದ ಹಂದಿಮಾಂಸದ ಅಂಗಡಿಗಳ ಮುಂದೆ ನಿಂತು ಹ್ಯಾಮಿಗೆ ಉಪ್ಪು ಸವರುವ ಕ್ರಮವನ್ನು ಅರ್ಧ ಗಂಟೆ ವಿವರಿಸಬಲ್ಲರು. “ತಿನ್ನೋದು ಬೇರೆ, ತಿಳಿಯೋದು ಬೇರೆ.”

ಅವರ ಮಾತು ನಿಂತಿದ್ದನ್ನು ನೋಡಿದ್ದು ಪಿಯೆಂಜಾದಲ್ಲಿ. ಪೋಪ್ ಎರಡನೇ ಪಯಸ್ ತಾನು ಹುಟ್ಟಿದ ಹಳ್ಳಿಯನ್ನು 1459ರಿಂದ ಮಾದರಿ ಪಟ್ಟಣವಾಗಿ ಕಟ್ಟಿಸಿದ ಊರು ಅದು. ಈಗ ಅಲ್ಲಿ ಪೋಪನಿಗಿಂತ ಕುರಿಹಾಲಿನ ಪೆಕೊರಿನೊ ಚೀಸಿನದ್ದೇ ರಾಜ್ಯಭಾರ; ದೊಡ್ಡ ಬೀದಿಗೆ ಕಾಲಿಡುವ ಮೊದಲೇ ಮೂಗಿಗೆ ಬರುತ್ತದೆ. ಅಂಗಡಿಯಾತ ಎಳೆಯದು, ನಡುವಯಸ್ಸಿನದು, ಹಳೆಯದು, ಆಕ್ರೋಟಿನ ಎಲೆಯಲ್ಲಿ ಸುತ್ತಿಟ್ಟು ಮಾಗಿಸಿದ್ದು ಎಂದು ಒಂದೊಂದೇ ತುಂಡು ಚಾಚಿದ. ರಾಯರು ಕಣ್ಣು ಮುಚ್ಚಿ ಮೆಲ್ಲುತ್ತಿದ್ದರು. ನೋಟ್‌ಬುಕ್ ಜೇಬಿನಲ್ಲೇ ಇತ್ತು.

“ಏನ್ರೀ, ಹಾಲು ಹೆಪ್ಪುಗಟ್ಟೋಕೆ ಕರುವಿನ ಹೊಟ್ಟೆಯಿಂದ ತೆಗೆದದ್ದೇನೋ ಹಾಕ್ತಾರಂತಲ್ಲ? ನಿಮಗೆ ಭಾಷೆ ಬರುತ್ತೆ, ಕೇಳಿ ನೋಡಿ.”

ಬೆಳ್ಳುಳ್ಳಿಯ ಗೋತ್ರ, ಎಣ್ಣೆಯ ಸೂತ್ರ ಎಲ್ಲವನ್ನೂ ಮುರುಕು ಇಟಾಲಿಯನ್ನಿನಲ್ಲಿ ಕೇಳಿ ಕೇಳಿ ಮಾಣಿಗಳನ್ನು ಸುಸ್ತು ಮಾಡಿದ್ದ ರಾಯರು ಒಂದು ಕ್ಷಣ ಚೀಸನ್ನು ನೋಡಿದರು, ಇನ್ನೊಂದು ಕ್ಷಣ ಹೆಂಡತಿಯನ್ನು.

“ಹಾಗೆಲ್ಲ ಕೇಳಬಾರದು ಕಣೇ, ಈ ಕಡೆ ಅದು ಮರ್ಯಾದೆ ಅಲ್ಲ” ಎಂದು ಎಲೆಯಲ್ಲಿ ಸುತ್ತಿದ್ದೇ ಅರ್ಧ ಕಿಲೋ ತೂಗಿಸಿದರು.