ಮೊದಲ ಪೆಟ್ಟಿಗೆ ಗೈರುಹಾಜರು

ಕಾರವಾರದಲ್ಲಿ ಬ್ಯಾಂಡು ಎಂದರೆ ಲಗ್ನದ್ದು. ಹೀಗಾಗಿ ಕೋಡಿಬಾಗದ ನಮ್ಮ ಮನೆಯೆದುರು ಟೆಂಪೋದಿಂದ ಡ್ರಮ್ಮುಗಳು ಇಳಿಯತೊಡಗಿದಾಗ ಪಕ್ಕದ ಮನೆಯವರು ಕಂಪೌಂಡಿನ ಮೇಲಿಂದ ಕತ್ತು ಚಾಚಿ, "ಮಗನ ಲಗ್ನವಾ? ನಮಗೊಂದು ಮಾತು ಹೇಳಲೇ ಇಲ್ಲ!" ಎಂದು ಮುನಿಸಿಕೊಂಡರು. ಲಗ್ನವಲ್ಲ, ಸಮ್ಮರ್ ಟೂರು ಎಂದೆ. ಅವರ ಮುನಿಸು ಕರುಣೆಗೆ ತಿರುಗಿತು.

ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆಂದು ನಾವು ನಂಬಿದ್ದೇವೆ. ಅವನು ನಂಬಿರುವುದು ಆಲ್ಟರ್ನೇಟಿವ್ ರಾಕ್ ಅನ್ನು. ನನ್ನ ಹೆಂಡತಿಯ ಅಣ್ಣನ ಮಗ ಅಂಕೋಲೆಯವನು. ಗಂಗಾವಳಿ ದಾಟಿ ಗೋಕರ್ಣದ ಕುಡ್ಲೆ ತೀರಕ್ಕೆ ಹೋಗಿಬಂದು, ಅಲ್ಲಿನ ಅಂಗಿಗಳ ಮೇಲಿದ್ದ ಬಾಬ್ ಮಾರ್ಲೆಯ ಮುಖ ನೋಡಿ ನೋಡಿ ರೆಗೆಗೆ ಬಿದ್ದವನು. ಇಬ್ಬರದೂ ಬೇರೆ ಬೇರೆ ಬ್ಯಾಂಡು. ಎರಡೂ ಸೇರಿ ಬೇಸಿಗೆಯಲ್ಲಿ ಪ್ರವಾಸ ಹೊರಡಬೇಕೆಂದು ಅವರು ಬೆಂಗಳೂರಿನಲ್ಲೇ ತೀರ್ಮಾನಿಸಿದ್ದರು. ಪ್ರವಾಸದ ಊರುಗಳು ಕಾರವಾರ ಮತ್ತು ಅಂಕೋಲೆ. ನಡುವೆ ಸುಮಾರು 35 ಕಿಲೋಮೀಟರ್. ಊಟ, ವಸತಿ, ಕೂಲಿ ಎಲ್ಲ ನಮ್ಮದು.

ನಮ್ಮನ್ನು ಒಪ್ಪಿಸಲು ಮಗ ಟಿವಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಉಪನ್ಯಾಸ ಕೊಟ್ಟ. ಅಮೆರಿಕದಲ್ಲಿ 1991ರಲ್ಲಿ ಲೊಲ್ಲಾಪಲೂಜಾ ಎಂಬ ಉತ್ಸವವೇ ಬೇಸಿಗೆಯಲ್ಲಿ ಊರೂರು ಸುತ್ತಿತ್ತಂತೆ, ಹಲವು ಬ್ಯಾಂಡುಗಳು ಒಂದೇ ವೇದಿಕೆ ಹಂಚಿಕೊಂಡಿದ್ದವಂತೆ. ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಿನ ಸ್ವರಾತ್ಮ ತಂಡವನ್ನು 2009ರಲ್ಲಿ ಬ್ರಿಟಿಷ್ ಕೌನ್ಸಿಲ್‌ನವರು ಭಾರತದ ಇನ್ನೂ ಮೂರು ಬ್ಯಾಂಡುಗಳ ಜತೆ ಬ್ರಿಟನ್ ಸುತ್ತಿಸಿದ್ದರು. ಗೋವಾದಲ್ಲಿ 2016ರಿಂದ ಸನ್‌ಸ್ಪ್ಲ್ಯಾಶ್ ಎಂಬ ರೆಗೆ ಉತ್ಸವವೇ ಇದೆ. ಮಾಜಾಳಿ ಗೇಟಿನಲ್ಲಿ ಗೋವಾದಿಂದ ಬರುವ ಬಾಟಲಿಗಳನ್ನು ತಡೆಯುತ್ತಾರೆ, ಸಂಗೀತ ಮಾತ್ರ ತಪಾಸಣೆಯಿಲ್ಲದೆ ಒಳಗೆ ಬಂದುಬಿಡುತ್ತದೆ ಎಂದು ನನಗೆ ಅಂದೇ ಹೊಳೆಯಿತು.

ಕೊನೆಗೆ ಬ್ರಹ್ಮಾಸ್ತ್ರವಾಗಿ ರಘು ದೀಕ್ಷಿತರನ್ನು ತಂದ. "ನೋಡು ಆಯಿ, ಮೈಕ್ರೋಬಯಾಲಜಿಯಲ್ಲಿ ಚಿನ್ನದ ಪದಕ ತಗೊಂಡವರು. ಅದನ್ನೆಲ್ಲ ಬಿಟ್ಟು ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿ ಶಿಶುನಾಳ ಶರೀಫರನ್ನ ಹಾಡಿದ್ರು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ವೇದಿಕೆ ಹತ್ತಿದ್ರು."

ನನ್ನ ಹೆಂಡತಿ ಮೀನಿನ ಕತ್ತಿ ಒರೆಸಿಕೊಳ್ಳುತ್ತ, "ನೀನೂ ಕಟ್ಟು. ಮೊದಲು ಪದಕ ತಾ, ಆಮೇಲೆ ಗೆಜ್ಜೆ," ಎಂದಳು.

ಆದರೂ ಒಪ್ಪಿದಳು. ಅಣ್ಣನ ಮಗ ಬರುತ್ತಾನೆಂದರೆ ಅವಳು ರೆಗೆ ಏನು, ರಣವಾದ್ಯವನ್ನೂ ಒಪ್ಪುತ್ತಾಳೆ. ತಕರಾರು ಬಂದದ್ದು ದಿನಾಂಕದ ಮೇಲೆ. ಅಮೆರಿಕದವರ ಸಮ್ಮರ್ ಟೂರು ಜೂನ್, ಜುಲೈ, ಆಗಸ್ಟಿನಲ್ಲಿ. ಹುಡುಗರು ಅದನ್ನೇ ಎತ್ತಿಕೊಂಡಿದ್ದರು. ಜೂನ್ ಒಂದಕ್ಕೆ ಟ್ರಾಲ್‌ಬೋಟುಗಳೇ ಬೈತಖೋಲಿನಲ್ಲಿ ಲಂಗರು ಹಾಕಿ ಎರಡು ತಿಂಗಳು ಅಲ್ಲಾಡುವುದಿಲ್ಲ, ನೀವೆಲ್ಲಿ ಗಿಟಾರು ಹಿಡಿದು ಹೊರಡುತ್ತೀರಿ ಎಂದು ಕೇಳಿದ ಮೇಲೆ ಪ್ರವಾಸ ಮೇ ತಿಂಗಳಿಗೆ ಹಿಂದೆ ಬಂತು.

ಎರಡನೆಯ ಪ್ರಶ್ನೆಯನ್ನೂ ಅವಳೇ ಎತ್ತಿದಳು. "ಇದು ಜೋಡಾಟವೋ, ಕೂಡಾಟವೋ?"

ಹುಡುಗರು ಮುಖ ಮುಖ ನೋಡಿಕೊಂಡರು. ಯಕ್ಷಗಾನ ನೋಡುತ್ತ ಬೆಳೆದ ಅಂಕೋಲೆಯ ಹೆಂಗಸಿಗೆ ಇದು ಮೂಲಭೂತ ಪ್ರಶ್ನೆ. ಎರಡು ಮೇಳಗಳು ಅಕ್ಕಪಕ್ಕ ಎರಡು ರಂಗಸ್ಥಳ ಹಾಕಿ, ಒಂದೇ ಪ್ರಸಂಗವನ್ನು ಏಕಕಾಲಕ್ಕೆ ಹಠಕ್ಕೆ ಬಿದ್ದು ಆಡಿದರೆ ಜೋಡಾಟ. ಎರಡೂ ಮೇಳದವರು ಒಂದೇ ರಂಗಸ್ಥಳದಲ್ಲಿ ಬೆರೆತು ಆಡಿದರೆ ಕೂಡಾಟ. ಲೊಲ್ಲಾಪಲೂಜಾದವರು ಬಸ್ಸು ಹತ್ತುವ ಎಷ್ಟೋ ಮೊದಲೇ ಕರಾವಳಿಯ ಮೇಳಗಳು ದೀಪಾವಳಿ ಕಳೆದ ಮೇಲೆ ಪೆಟ್ಟಿಗೆ ಹೊತ್ತು ಹೊರಟು ಮಳೆಗಾಲದ ಬಾಗಿಲಿಗೆ ಮನೆಗೆ ಮರಳುತ್ತಿದ್ದವು. ಈಗಲೂ ಅದೇ ಲೆಕ್ಕ. ಕೂಡಾಟ ಎಂದು ಹುಡುಗರು ಹೇಳಿದರು. ಅವರ ಅಪ್ಪಂದಿರು ಜೋಡಾಟಕ್ಕೆ ಇಳಿದರು.

ಜಗಳ ಕೊನೆಗೆ ಯಾರು ಬಾರಿಸಬೇಕೆಂಬುದರ ಮೇಲೆ. ರಾಕ್ ಪದ್ಧತಿಯಲ್ಲಿ ಕೊನೆಗೆ ಬರುವವನೇ ದೊಡ್ಡವ. ಕಾರವಾರದಲ್ಲಿ ನನ್ನ ಮಗ ಕೊನೆಗೆ, ಅಂಕೋಲೆಯಲ್ಲಿ ಅವರ ಮಗ ಕೊನೆಗೆ ಎಂದು ನಾನು ಫೋನಿನಲ್ಲಿ ಉದಾರವಾಗಿ ಸೂಚಿಸಿದೆ. "ಭಾವ, ಬೀಗರೂರಿಗೆ ಬಂದ ಹುಡುಗನ್ನ ಮೊದಲೇ ಬಾರಿಸಿ ಕೂತ್ಕ ಅನ್ನೂದಾ? ಇದು ಮರ್ಯಾದಿಯಾ?" ಎಂದು ಅಂಕೋಲೆಯಿಂದ ಉತ್ತರ ಬಂತು. ಹಾಗಾದರೆ ಅತಿಥಿಯೇ ಕೊನೆಗೆ ಎಂದೆ. "ಅಂದ್ರೆ ನಮ್ಮೂರಲ್ಲಿ ನಮ್ಮವ ಮೊದಲು, ನಿಮ್ಮವ ಕೊನೆಗೆ?" ಫೋನು ನನ್ನ ಕೈಯಿಂದ ಹೆಂಡತಿಯ ಕೈಗೆ ಹೋಯಿತು. ಅವಳು ಒಳಗೆ ಹೋಗಿ ಅಣ್ಣನೊಡನೆ ಏನೋ ಮಾತಾಡಿ ಬಂದು, ಎರಡೂ ಊರಿನಲ್ಲಿ ಕೊನೆಗೆ ಎರಡೂ ತಂಡ ಒಟ್ಟಿಗೆ ಎಂದು ತೀರ್ಪು ಕೊಟ್ಟಳು. ಇಷ್ಟು ಸರಳವಾದದ್ದು ನನಗೆ ಹೊಳೆಯದೇ ಇದ್ದದ್ದಕ್ಕೆ ನನ್ನ ಗಂಡಸುತನವೇ ಕಾರಣವೆಂದು ಅವಳ ಅಭಿಪ್ರಾಯ.

ಟ್ಯಾಗೋರ್ ಕಡಲತೀರದಲ್ಲಿ, ಯುದ್ಧನೌಕೆ ಚಾಪೆಲ್‌ನ ಪಕ್ಕದಲ್ಲಿ, ಮುಳುಗುವ ಸೂರ್ಯನೆದುರು ಬಾರಿಸಬೇಕೆಂಬುದು ಮಗನ ಕನಸು. ಕವಿ ರವೀಂದ್ರರು ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದು ಇದೇ ಕಡಲು ನೋಡುತ್ತ ನಾಟಕ ಬರೆದಿದ್ದಾರೆ, ನಾವೊಂದು ಹಾಡು ಹಾಡಬಾರದೇ ಎಂಬ ವಾದ. ನಾನು ಅನುಮತಿಗೆ ಹೋದೆ. ಒಂದು ಕಚೇರಿ ಇನ್ನೊಂದಕ್ಕೆ ಕಳಿಸಿತು. ಇನ್ನೊಂದು ಮೊದಲನೆಯದಕ್ಕೇ ಕಳಿಸಿತು. ರೆಗೆ ಎಂದರೆ ಏನೆಂದು ಒಬ್ಬರು ಕೇಳಿದರು. ಜಮೈಕಾದ ಸಂಗೀತ, 2018ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿಸಿದೆ ಎಂದು ಮಗ ಬಾಯಿಪಾಠ ಮಾಡಿಸಿ ಕಳಿಸಿದ್ದನ್ನು ಒಪ್ಪಿಸಿದೆ. "ಹಾಗಾದರೆ ಯುನೆಸ್ಕೊದ ಪತ್ರ ಲಗತ್ತಿಸಿ," ಎಂದರು. ಕಾರವಾರದ ಕಾರ್ಯಕ್ರಮ ನಮ್ಮ ಮನೆಯ ತಾರಸಿಗೆ ಏರಿತು.

ಮೇ ತಿಂಗಳಲ್ಲಿ ತಾರಸಿ ಗಂಡಸರದ್ದಲ್ಲ. ಅಲ್ಲಿ ಹಲಸಿನ ಹಪ್ಪಳ, ಮುರುಗಲ ಸಿಪ್ಪೆ, ಮಳೆಗಾಲಕ್ಕೆಂದು ಒಣಗುವ ಸೀಗಡಿ, ಕೆಂಪು ಮೆಣಸು, ಒಂದೊಂದಕ್ಕೂ ಒಂದೊಂದು ಚಾಪೆ. ನಡುವೆ ಕಾಗೆ ಕಾಯಲು ಒಂದು ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ನಾನು. ನಿವೃತ್ತಿಯ ನಂತರ ನನಗೆ ದೊರೆತಿರುವ ಏಕೈಕ ಹುದ್ದೆ ಇದು. ಹುಡುಗರು ಚಾಪೆಗಳ ನಡುವೆ ಜಾಗ ಮಾಡಿಕೊಂಡು ಬಾಸ್ ಗಿಟಾರಿನ ಆಂಪ್ಲಿಫೈಯರ್ ಇಟ್ಟರು. ಅಳಿಯನ ತಂಡದ ಬಾಸಿನವ ಮೊದಲ ತಂತಿ ಮೀಟಿದ್ದೇ ಹಪ್ಪಳಗಳೆಲ್ಲ ಒಮ್ಮೆ ನೆಗೆದು ಸ್ವಲ್ಪ ಮುಂದೆ ಬಂದು ಕೂತವು. ತೆಂಗಿನ ಮರದ ಕಾಗೆಗಳು ಒಟ್ಟಾಗಿ ಎದ್ದು ಕಾಳಿ ನದಿಯಾಚೆ ಸದಾಶಿವಗಡದ ದಿಕ್ಕಿಗೆ ಹೋದವು. ಸಂಜೆಯವರೆಗೆ ಬರಲಿಲ್ಲ.

ಹೆಂಡತಿ ಮೆಟ್ಟಿಲ ಮೇಲೆ ನಿಂತು ಎಲ್ಲ ನೋಡಿದಳು. "ಈ ಸಂಗೀತ ಚಲೋ ಇದೆ. ದಿನಾ ಬಾರಿಸ್ರೋ," ಎಂದವಳು ನನ್ನ ಕಡೆ ತಿರುಗಿ, "ನೀವು ಕೆಳಗೆ ಬನ್ನಿ, ಕಾಯಿ ತುರಿಯೂದಿದೆ," ಎಂದಳು. ಹುದ್ದೆ ಹೋಯಿತು.

ನನ್ನ ಸಂಗೀತ ಜ್ಞಾನದ ಬಗ್ಗೆ ಇಲ್ಲಿ ಹೇಳಲೇಬೇಕು, ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ. ಹಿಂದೂಸ್ತಾನಿ ಬೈಠಕ್ಕುಗಳಲ್ಲಿ ಮುಂದಿನ ಸಾಲಿಗೆ ಕೂತು ತೊಡೆಯ ಮೇಲೆ ತೀನ್‌ತಾಲದ ಹದಿನಾರು ಮಾತ್ರೆ ಎಣಿಸಿ, ಸಮ್ ಬಂದಾಗ ಗಾಯಕರಿಗಿಂತ ಮುಂಚೆಯೇ ತಲೆ ಒಗೆಯುವ ಪೈಕಿ ನಾನು. ಸಮ್ ಎಂದರೆ ಮೊದಲ ಮಾತ್ರೆ. ಗಾಯಕ, ತಬಲಾದವ, ಕೇಳುವವ ಎಲ್ಲ ಅಲ್ಲಿ ಬಂದು ಸೇರಬೇಕು. ಅದೇ ಧೈರ್ಯದಲ್ಲಿ ಹುಡುಗರ ತಾಲೀಮಿಗೂ ಕೂತೆ. ಮಗನ ತಂಡದ್ದು ಸಲೀಸು. ಪ್ರತಿ ಪೆಟ್ಟೂ ಗೋಡೆಗೆ ಮೊಳೆ ಹೊಡೆದ ಹಾಗೆ. ರೆಗೆ ಶುರುವಾದಾಗ ನನ್ನ ತಲೆ ಒಂದನೆಯ ಪೆಟ್ಟಿಗೆ ಹೊರಟಿತು. ಪೆಟ್ಟು ಬರಲಿಲ್ಲ. ತಲೆ ಗಾಳಿಯಲ್ಲಿ ನೇತಾಡಿತು. ಹಿಂದೆ ತೆಗೆದುಕೊಳ್ಳೋಣವೆನ್ನುವಷ್ಟರಲ್ಲಿ ಢಮ್ ಎಂದಿತು.

"ಮಾವ, ಇದು ಒನ್ ಡ್ರಾಪ್," ಎಂದು ಅಳಿಯ ವಿವರಿಸಿದ. ನಾಲ್ಕು ಪೆಟ್ಟಿನ ಆವರ್ತದಲ್ಲಿ ಒಂದನೆಯದನ್ನು ಬೇಕೆಂದೇ ಖಾಲಿ ಬಿಡುತ್ತಾರೆ. ಡ್ರಮ್ಮಿನ ಭಾರವೆಲ್ಲ ಮೂರನೆಯದಕ್ಕೆ. ಗಿಟಾರು ಪೆಟ್ಟಿನ ಮೇಲೆ ಬರುವುದಿಲ್ಲ, ಎರಡು ಪೆಟ್ಟುಗಳ ಸಂದಿನಲ್ಲಿ ಚಕ್ ಎಂದು ಮಾಯವಾಗುತ್ತದೆ. ಮಾರ್ಲೆಯ ವೇಲರ್ಸ್ ತಂಡದ ಡ್ರಮ್ಮರ್ ಕಾರ್ಲ್‌ಟನ್ ಬ್ಯಾರೆಟ್ ಇದನ್ನು ಲೋಕಪ್ರಸಿದ್ಧ ಮಾಡಿದನಂತೆ.

ಕಾಯಿ ತುರಿಯುತ್ತಿದ್ದವಳ ಕಿವಿಗೆ ಇದೂ ಬಿದ್ದಿತ್ತು. ಅರ್ಥಾತ್, ನಾನು ಕೂತಲ್ಲಿಂದ ಏಳದೆ ಇದ್ದುದರಿಂದ ಅವಳೇ ತುರಿಯುತ್ತಿದ್ದಳು. "ಇದರಲ್ಲಿ ಹೊಸದೇನೋ? ನಿನ್ನ ಮಾವನವರದ್ದು ಲಗ್ನವಾದಾಗಿಂದ ಇದೇ ತಾಳ," ಎಂದಳು. ಗ್ಯಾಸ್ ಸಿಲಿಂಡರ್ ಬಂದಾಗ ನಾನಿಲ್ಲ, ಇಳಿಸಿ ಹೋದ ಮೇಲೆ ಬಂದು "ಬಂತಾ?" ಎನ್ನುತ್ತೇನೆ. ನೆಂಟರು ಬಂದು ಬಾಗಿಲಲ್ಲಿ ನಿಂತಾಗ ನಾನಿಲ್ಲ, ಚಹಾ ಬಂದಾಗ ಇದ್ದೇನೆ. ಮಗ ಹುಟ್ಟಿದಾಗಲೂ ನಾನು ಆಸ್ಪತ್ರೆಯ ಹೊರಗೆ ಅಂಕೋಲೆಯ ಬಸ್ಸು ವಿಚಾರಿಸುತ್ತಿದ್ದೆನಂತೆ. ಹುಡುಗರು ಚಪ್ಪಾಳೆ ತಟ್ಟಿದರು. ಜಮೈಕಾದವರು ಅಷ್ಟು ಕಷ್ಟಪಟ್ಟು ಕಂಡುಹಿಡಿದದ್ದನ್ನು ನಾನು ಕೋಡಿಬಾಗದಲ್ಲಿ ಕೂತಲ್ಲೇ ಸಾಧಿಸಿದ್ದೆ.

ತಾರಸಿಯ ಕಾರ್ಯಕ್ರಮ ಚೆನ್ನಾಗಿಯೇ ನಡೆಯಿತು. ರಾತ್ರಿ ಹತ್ತರ ನಂತರ ಧ್ವನಿವರ್ಧಕ ಕೂಡದೆಂಬ 2000ದ ಇಸವಿಯ ನಿಯಮಕ್ಕೆ ಬೆಳತನಕದ ಯಕ್ಷಗಾನವೇ ಮಣಿದು ಕಾಲಮಿತಿಯ ಪ್ರಯೋಗವಾಗಿರುವಾಗ ನಮ್ಮದೇನು? ಹತ್ತಕ್ಕೆ ಮುಗಿಯಿತು. ಮುನಿಸಿಕೊಂಡಿದ್ದ ಪಕ್ಕದ ಮನೆಯವರೂ ಬಂದು, ಅಂಕೋಲೆಯಿಂದ ಬಂದಿದ್ದ ಕರಿ ಇಶಾಡಿನ ರಸ ಎರಡೆರಡು ಸಲ ಹಾಕಿಸಿಕೊಂಡರು. ಆ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ ಎಂದು ಭಾವ ಎಲ್ಲರ ತಟ್ಟೆಗೂ ಬಂದು ಹೇಳಿಹೋದರು. ಕಾರವಾರದವರ ಎದುರು ಅವರಿಗೆ ಇದೊಂದು ಬೇಕಿತ್ತು.

ಮರುದಿನ ಟೆಂಪೋದಲ್ಲಿ ಅಂಕೋಲೆಗೆ ಹೊರಟೆವು. ಹೆದ್ದಾರಿ 66ರಲ್ಲಿ ಹಾರವಾಡ, ಅವರ್ಸೆ ದಾಟುವವರೆಗೂ ಆಂಪ್ಲಿಫೈಯರ್ ನನ್ನ ಕಾಲ ಮೇಲಿತ್ತು. ಉಪ್ಪುಗಾಳಿಗೆ ತಂತಿಗಳು ಆಗಲೇ ತುಕ್ಕಿಗೆ ತಿರುಗಿದ್ದವು. ಬೆಂಗಳೂರಿನ ಹುಡುಗರಿಗೆ ಕಡಲೆಂದರೆ ಫೋಟೊ, ಹೀಗೆ ಕಬ್ಬಿಣ ತಿನ್ನುತ್ತದೆಂದು ಗೊತ್ತಿರಲಿಲ್ಲ. ಪಾಪ, ರಾತ್ರಿಯೆಲ್ಲ ತೆಂಗಿನೆಣ್ಣೆ ಹಚ್ಚಿ ಒರೆಸಿದ್ದರು. ಗಿಟಾರುಗಳಿಂದ ಅಡುಗೆಮನೆಯ ವಾಸನೆ ಬರುತ್ತಿತ್ತು.

ಅತ್ತೆಯವರು, ಅಂದರೆ ನನ್ನ ಹೆಂಡತಿಯ ತಾಯಿ, ಜಗಲಿಯ ಮೇಲೆ ಕೂತಿದ್ದರು. ಅಳಿಯನ ತಂಡದಲ್ಲೊಬ್ಬ ಸೊಂಟದವರೆಗೆ ಜಡೆಗಟ್ಟಿದ ಕೂದಲು ಬಿಟ್ಟವನಿದ್ದ. ಗೋಕರ್ಣದ ಸುತ್ತಮುತ್ತ ಜಟಾಧಾರಿಗಳನ್ನು ನೋಡಿದ ಕಣ್ಣು ಅವರದು. ಎದ್ದು ನಿಂತು ಕೈಮುಗಿದು, "ಯಾವ ಮಠದವ್ರು? ಕೂತ್ಕಳಿ, ಹಣ್ಣು ತಿನ್ನಿ," ಎಂದರು. ಅವನು ಮಂಡ್ಯದ ಕಡೆಯ ಹುಡುಗ, ಮರ್ಯಾದಸ್ಥ. ಗಾಬರಿಯಾಗಿ ಅವರ ಕಾಲಿಗೇ ಬಿದ್ದ. ಸ್ವಾಮಿಗಳು ಕಾಲಿಗೆ ಬಿದ್ದದ್ದನ್ನು ಕಂಡು ಅತ್ತೆಯವರು ತಾವೂ ಬಗ್ಗಹೋದರು. ಇಬ್ಬರನ್ನೂ ಎತ್ತಲು ನನ್ನನ್ನು ಕರೆದರು. ನಾನು ಬರುವಷ್ಟರಲ್ಲಿ ಅವರೇ ಎದ್ದಿದ್ದರು.

ಕೊಯ್ಲಾದ ಗದ್ದೆಯಲ್ಲಿ ವೇದಿಕೆ. ಊರವರು ಚಾಪೆ ಹಿಡಿದುಕೊಂಡೇ ಬಂದಿದ್ದರು. ಅಂಕೋಲೆಗೆ ಸಂಚಾರಿ ತಂಡ ಹೊಸದಲ್ಲ. ಹೋಳಿಯ ದಿನಗಳಲ್ಲಿ ಹಾಲಕ್ಕಿ ಒಕ್ಕಲಿಗರ ಸುಗ್ಗಿ ತಂಡಗಳು ತುರಾಯಿ ಕಟ್ಟಿ ಕೋಲು ಹಿಡಿದು ಮನೆಮನೆಯ ಅಂಗಳಕ್ಕೆ ಬರುತ್ತವೆ, ಬಡಗೇರಿಯ ಸುಕ್ರಜ್ಜಿ ಹಾಡಿಗೇ 2017ರಲ್ಲಿ ಪದ್ಮಶ್ರೀ ಪಡೆದವರು. ಹೀಗಾಗಿ ಯಾರೂ ನಮ್ಮ ಹುಡುಗರನ್ನು ಬಾಯಿಬಿಟ್ಟುಕೊಂಡು ನೋಡಲಿಲ್ಲ. ಮಗನ ತಂಡದ ಗದ್ದಲ ಮುಗಿದಾಗ ಹಿಂದಿನಿಂದ ಒಬ್ಬರು, "ಈಗ ಪ್ರಸಂಗ ಶುರು ಮಾಡಿ," ಎಂದರು. ಅದು ಪೂರ್ವರಂಗವೆಂದು ತಿಳಿದಿದ್ದರು.

ರೆಗೆ ಶುರುವಾಯಿತು. ಭಾವನ ಗದ್ದೆಯ ಪಕ್ಕದ ಹಿರಿಯರೊಬ್ಬರು ಸ್ವಲ್ಪ ಹೊತ್ತು ಕೇಳಿ ಎದ್ದುಹೋದರು. ಬೇಸರವಾಯಿತೆಂದುಕೊಂಡೆವು. ಮನೆಯಿಂದ ಗುಮಟೆ ತಂದರು. ಮಣ್ಣಿನ ಕೊಡಕ್ಕೆ ಒಂದು ಬದಿ ಚರ್ಮ ಬಿಗಿದ ವಾದ್ಯ. ಹಿಂದೆ ಉಡದ ಚರ್ಮವಿರುತ್ತಿತ್ತು, ಕಾಯ್ದೆ ಬಂದ ಮೇಲೆ ಆಡಿನದು. ಇನ್ನೊಂದು ಬದಿಯ ಬಾಯನ್ನು ಅಂಗೈಯಿಂದ ಮುಚ್ಚಿ ತೆರೆದು ನಾದ ಏರಿಳಿಸುತ್ತಾರೆ. ಅವರು ವೇದಿಕೆ ಹತ್ತಲಿಲ್ಲ. ಬದುವಿನ ಮೇಲೆ ಕೂತು, ಡ್ರಮ್ಮಿನವನು ಖಾಲಿ ಬಿಟ್ಟ ಆ ಒಂದನೆಯ ಪೆಟ್ಟಿಗೇ ಸರಿಯಾಗಿ ಗುಮ್ ಎನ್ನಿಸಿದರು. ಮತ್ತೆ ಗುಮ್. ಅಳಿಯ ಗಿಟಾರು ಬಾರಿಸುತ್ತಲೇ ತಿರುಗಿ ನೋಡಿ ನಕ್ಕ. ಮಗನ ತಂಡವೂ ಸೇರಿಕೊಂಡಿತು. ಕೂಡಾಟವೆಂದರೆ ಇದೇ ಎಂದು ನನ್ನ ಹೆಂಡತಿ ಅಣ್ಣನಿಗೆ ಹೇಳುತ್ತಿದ್ದಳು. ನನ್ನ ತಲೆಗೂ ಕೊನೆಗೆ ಇಳಿಯಲೊಂದು ಜಾಗ ಸಿಕ್ಕಿತ್ತು. ಅಷ್ಟರಲ್ಲಿ ಜನರೇಟರಿಗೆ ಡೀಸೆಲ್ ತರಲು ನನ್ನನ್ನು ಪೇಟೆಗೆ ಅಟ್ಟಿದರು. ನಾನು ಡೀಸೆಲ್ ಹಿಡಿದು ಬಂದಾಗ ಜನ ಚಾಪೆ ಸುತ್ತುತ್ತಿದ್ದರು.

ಲೆಕ್ಕದ ಪ್ರಕಾರ ಪ್ರವಾಸ ನಷ್ಟದಲ್ಲಿದೆ. ಮುಂದಿನ ಮೇ ತಿಂಗಳಿಗೆ ಕುಮಟೆಯನ್ನೂ ಸೇರಿಸುವುದಾಗಿ ಹುಡುಗರು ಘೋಷಿಸಿದ್ದಾರೆ, ಅಲ್ಲಿ ನನ್ನ ತಂಗಿಯ ಮನೆಯಿದೆಯೆಂಬುದು ಅವರಿಗೆ ಹೇಗೋ ನೆನಪಾಗಿದೆ. ಆದ್ದರಿಂದ ಕಾರವಾರ, ಅಂಕೋಲೆ, ಕುಮಟೆಯ ಓದುಗರಲ್ಲಿ ಒಂದು ಅರಿಕೆ: ಆಂಪ್ಲಿಫೈಯರ್ ಹೊರಬಲ್ಲ ಗಟ್ಟಿ ಹೆಗಲಿನವರು ಯಾರಾದರೂ ಇದ್ದರೆ ದಯವಿಟ್ಟು ನನ್ನನ್ನು ಕಾಣಿ. ಸಂಬಳವಿಲ್ಲ. ಎರಡು ಹೊತ್ತು ಬಂಗಡೆ ಸಾರು, ಅನ್ನ ಖಂಡಿತ.