ಅಜ್ಜನ ಕಥೆಗೆ ಪುಳ್ಳಿಯ ತನಿಖೆ

ಮನೆತನದ ಕಥೆ ಹೇಳುವ ಅಜ್ಜಂದಿರಿಗೆ ಕಾಸರಗೋಡಿನಲ್ಲಿ ಸರಕಿಗೇನೂ ಬರವಿಲ್ಲ. ಬರ ಇರುವುದು ಮರುಪ್ರಶ್ನೆ ಹಾಕದ ಮಕ್ಕಳಿಗೆ.

ಕುಂಬಳೆ ಸೀಮೆಯ ಜಗಲಿ ಎಂದಮೇಲೆ ಅನಂತಪುರ ದೇವಸ್ಥಾನದ ಕೆರೆಯ ಬಬಿಯಾ ಮೊಸಳೆ ಕಥೆಯೊಳಗೆ ಬಂದೇ ಬರಬೇಕು. ನೈವೇದ್ಯದ ಅನ್ನ ತಿನ್ನುತ್ತಿದ್ದ ಸಾಧು ಪ್ರಾಣಿ, 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು. ತೀರಿಕೊಂಡ ಮೇಲೂ ಅಜ್ಜನ ಬಾಯಲ್ಲಿ ವರ್ಷಕ್ಕೊಂದು ಮೊಳ ಬೆಳೆಯುತ್ತಿದೆ.

"ಕಳೆದ ಸಲ ಕಣ್ಣು ಮಾತ್ರ ಕಂಡದ್ದು ಅಂದಿದ್ರಿ. ಈಗ ಬಾಲ ಎಲ್ಲಿಂದ ಬಂತು ಅಜ್ಜಾ?"

ಅಜ್ಜನಿಗೆ ಆಗಲೇ ವೀಳ್ಯದೆಲೆಗೆ ಸುಣ್ಣ ಹಚ್ಚುವ ನೆನಪಾಗುತ್ತದೆ.

1956ರ ನವೆಂಬರ್ 1ರ ಕಥೆ ಇನ್ನೂ ಕಷ್ಟದ್ದು. "ರಾತ್ರಿ ಮಲಗಿದ್ದು ಮದ್ರಾಸು ರಾಜ್ಯದಲ್ಲಿ, ಬೆಳಗ್ಗೆ ಎದ್ದದ್ದು ಕೇರಳದಲ್ಲಿ!" ಎಂದು ಅಜ್ಜ ದನಿ ನಡುಗಿಸಿ ಹೇಳಿದರೆ, "ಮನೆಯನ್ನು ಹೊತ್ತುಕೊಂಡು ಹೋದದ್ದು ಯಾರು? ಹಟ್ಟಿಯ ದನಕ್ಕೆ ಎಚ್ಚರ ಆಗ್ಲಿಲ್ವಾ?" ಎನ್ನುತ್ತಾಳೆ ಪುಳ್ಳಿ. ಕಯ್ಯಾರ ಕಿಞ್ಞಣ್ಣ ರೈಗಳು ಕನ್ನಡಕ್ಕಾಗಿ ಹೋರಾಡಿದ್ದನ್ನು ಎಷ್ಟು ವಿವರಿಸಿದರೂ ಅವಳ ಚಿತ್ತ ದನದ ಮೇಲೆಯೇ. ರಾಜ್ಯ ಪುನರ್ವಿಂಗಡಣೆಯ ಬಗ್ಗೆ ದೊಡ್ಡವರು ಕೇಳಿದ ಎಷ್ಟೋ ಪ್ರಶ್ನೆಗಳಿಗಿಂತ ಇದು ಮೇಲು ಅಂತಲೇ ನನ್ನ ಅಭಿಪ್ರಾಯ.

ಅಜ್ಜಿ ಜಾಣೆ. ಕಥೆ ಎಲ್ಲಿ ತಡವರಿಸಿತೋ ಅಲ್ಲಿ ಪಾತ್ರಗಳನ್ನೆಲ್ಲ ಮಣೆ ಹಾಕಿ ತಿಂಡಿಗೆ ಕೂರಿಸಿಬಿಡುತ್ತಾರೆ. ಬೇಕಲ ಕೋಟೆ ಕಟ್ಟಿಸಿದ ಕೆಳದಿಯ ಶಿವಪ್ಪ ನಾಯಕನಿಗೂ ಅವರ ಕಥೆಯಲ್ಲಿ ತೆಳ್ಳವು ತಿನ್ನದೆ ಕಲ್ಲು ಹೊರಿಸುವ ಅಧಿಕಾರವಿಲ್ಲ. ಅಲ್ಲಿ ಪುಳ್ಳಿಯ ತಕರಾರು ಒಂದೇ:

"ಚಟ್ನಿಯಾ, ಜೋನಿಬೆಲ್ಲವಾ?"