ಕತ್ತೆಗೊಂದು ಕಾಗದ

ಡಿಸೆಂಬರ್ 29, 2025

ಮಹಾರಾಜಶ್ರೀ ಗರ್ದಭರಾಯರ ಸನ್ನಿಧಾನಕ್ಕೆ,
ಡೆಮಾಕ್ರಟಿಕ್ ಪಕ್ಷದ ಚಿಹ್ನೆ, ವಾಷಿಂಗ್ಟನ್.

ಉಭಯ ಕುಶಲೋಪರಿ ಸಾಂಪ್ರತ. ನಾವಿಲ್ಲಿ ಕ್ಷೇಮ. ನೀವು ಕ್ಷೇಮವಾಗಿಲ್ಲ ಎಂಬುದು ಪೇಪರ್ ಓದುವವರಿಗೆಲ್ಲ ಗೊತ್ತಿರುವುದರಿಂದ ಅದನ್ನು ವಿಚಾರಿಸಲು ಹೋಗುವುದಿಲ್ಲ.

ಕತ್ತೆ ಎಂದು ಕರೆದದ್ದಕ್ಕೆ ಬೇಸರ ಬೇಡ. ನಮ್ಮ ಕಡೆ ಮಳೆ ಕೈಕೊಟ್ಟ ವರ್ಷ ಊರವರೆಲ್ಲ ಸೇರಿ, ಓಲಗ ಊದಿಸಿ, ನಿಮ್ಮ ಕುಲದವರ ಮದುವೆ ಮಾಡಿಸುತ್ತಾರೆ. ಬೀದಿಯಲ್ಲಿ ಕತ್ತೆಹಾಲು ಮಾರುವವರು ಬಂದರೆ ಬಾಣಂತಿ ಇರುವ ಮನೆಯವರು ಒಂದು ಒಳಲೆ ಹಾಲಿಗೆ ಕೇಳಿದಷ್ಟು ದುಡ್ಡು ಕೊಡುತ್ತಾರೆ. ಕಾರ್ಯವಾಸಿ ಕತ್ತೆಕಾಲು ಹಿಡಿ ಎಂಬ ಗಾದೆಯೇ ಇದೆ. ನಾನೀಗ ಮಾಡುತ್ತಿರುವುದೂ ಅದನ್ನೇ.

ನಿಮ್ಮ ದೇಶದಲ್ಲಿ ನನಗೆ ವೋಟಿಲ್ಲ, ಆದರೆ ಏಟುಂಟು. ಕಳೆದ ಆಗಸ್ಟ್‌ನಲ್ಲಿ ನಿಮ್ಮ ಎದುರಾಳಿ ಟ್ರಂಪ್ ಸಾಹೇಬರು ಭಾರತದ ಸರಕಿನ ಮೇಲೆ ಶೇ 50ರ ಸುಂಕ ಜಡಿದರು. ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್ ಎಂದರು. ಅವತ್ತು ಬೆಂಗಳೂರಿನಲ್ಲಿ ಎಷ್ಟು ತಂದೆತಾಯಿಯರ ನಿದ್ದೆ ಕೆಟ್ಟಿತೋ. ಸುಂಕದ ಗೊಂದಲದಲ್ಲಿ ಆ ತಿಂಗಳು ಇಲ್ಲಿಂದ ಅಮೆರಿಕಕ್ಕೆ ಅಂಚೆಯೇ ಬಂದ್, ಬರೀ ಕಾಗದ ಕೂಡ ಹೋಗುತ್ತಿರಲಿಲ್ಲ. ಲಕೋಟೆಯೊಳಗೆ ಮರ್ಯಾದೆಯಾಗಿ ಬರಬೇಕಿದ್ದ ಈ ಮಾತುಗಳು ಹೀಗೆ ಬಹಿರಂಗಕ್ಕೆ ಬಿದ್ದದ್ದಕ್ಕೆ ಅದೂ ಒಂದು ಕಾರಣ.

ವಿಷಯಕ್ಕೆ ಬರುತ್ತೇನೆ. ನೀವು ಹುಟ್ಟಿದ ಕಥೆ ನಿಮಗೇ ಮರೆತಂತಿದೆ. 1828ರ ಚುನಾವಣೆಯಲ್ಲಿ ಆಂಡ್ರ್ಯೂ ಜಾಕ್ಸನ್ನರನ್ನು ಎದುರಾಳಿಗಳು ಕತ್ತೆ ಎಂದು ಬೈದರಂತೆ. ಜಾಕ್ಸನ್ ಮಾನನಷ್ಟ ಮೊಕದ್ದಮೆ ಹೂಡಲಿಲ್ಲ, ಪ್ರಜಾಪ್ರಭುತ್ವ ಅಪಾಯದಲ್ಲಿದೆ ಎಂದು ಕೂಗಲಿಲ್ಲ. ಕತ್ತೆಯನ್ನೇ ತಮ್ಮ ಪೋಸ್ಟರಿಗೆ ಏರಿಸಿದರು, ಗೆದ್ದರು. 1870ರಲ್ಲಿ ಥಾಮಸ್ ನಾಸ್ಟ್ ಎಂಬ ವ್ಯಂಗ್ಯಚಿತ್ರಕಾರ ಹಾರ್ಪರ್ಸ್ ವೀಕ್ಲಿಯಲ್ಲಿ ನಿಮ್ಮನ್ನು ಬರೆದ ಮೇಲೆ ಚಿಹ್ನೆ ಗಟ್ಟಿಯಾಯಿತು. ಅಂದರೆ ಸ್ವಾಮಿ, ನೀವು ಹುಟ್ಟಿದ್ದೇ ಒಂದು ಬೈಗುಳದ ಹೊಟ್ಟೆಯಲ್ಲಿ.

ಜಾಕ್ಸನ್ ಸಜ್ಜನ ಎಂದು ನಾನು ಹೇಳುತ್ತಿಲ್ಲ. ಗುಲಾಮರನ್ನು ಇಟ್ಟುಕೊಂಡಿದ್ದ ಮನುಷ್ಯ. 1830ರ ಕಾಯ್ದೆ ತಂದು ಮೂಲನಿವಾಸಿಗಳನ್ನು ಅವರ ನೆಲದಿಂದಲೇ ಎಬ್ಬಿಸಿದವರು. ಅದಕ್ಕೇ ನಿಮ್ಮ ಹಲವು ರಾಜ್ಯ ಘಟಕಗಳು ವಾರ್ಷಿಕ ಭೋಜನಕೂಟಕ್ಕಿದ್ದ ಅವರ ಹೆಸರು ತೆಗೆದುಹಾಕಿದವು. ತೆಗೆದದ್ದು ಸರಿ. ಆದರೆ ಹೆಸರಿನ ಜೊತೆಗೆ ಅಜ್ಜನಿಗೆ ಗೊತ್ತಿದ್ದ ಕುಸ್ತಿಯ ಪಟ್ಟನ್ನೂ ಬೀದಿಗೆಸೆದಿರಿ. ಅದನ್ನು ಎತ್ತಿಕೊಂಡು ಹೋದವರು ಯಾರು? 2017ರಲ್ಲಿ ಟ್ರಂಪ್ ತಮ್ಮ ಓವಲ್ ಕಚೇರಿಯಲ್ಲಿ ಜಾಕ್ಸನ್ನರ ಪಟ ತೂಗುಹಾಕಿದರು. ಅಜ್ಜ ನಿಮ್ಮವರು, ಗೋಡೆ ಅವರದು. ಅಲ್ಲಿಂದೀಚೆಗೆ, ಅದಕ್ಕಿಂತ ಮೊದಲೂ, ನೀವು ಬೈಯುತ್ತೀರಿ, ಅವರು ತೊಟ್ಟುಕೊಳ್ಳುತ್ತಾರೆ.

2016ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಒಂದು ದೇಣಿಗೆ ಕೂಟದಲ್ಲಿ ಹಿಲರಿ ಕ್ಲಿಂಟನ್ನರು ಟ್ರಂಪ್ ಬೆಂಬಲಿಗರಲ್ಲಿ ಅರ್ಧದಷ್ಟು ಜನರನ್ನು 'ಡಿಪ್ಲೋರಬಲ್ಸ್' ಎಂಬ ಬುಟ್ಟಿಗೆ ಹಾಕಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಛೀ ಥೂ ಅನ್ನಿಸಿಕೊಳ್ಳುವ ಜನ. ಮರುದಿನ 'ಅರ್ಧ' ಎಂದದ್ದಕ್ಕೆ ವಿಷಾದಿಸಿದರು, ಉಳಿದದ್ದಕ್ಕಲ್ಲ. ಅಷ್ಟರಲ್ಲಿ ಆ ಪದ ಟೀ ಶರ್ಟು ಹತ್ತಿಯಾಗಿತ್ತು. ಜನ ಎದೆಯ ಮೇಲೆ ಬರೆಸಿಕೊಂಡು ಟ್ರಂಪ್ ಸಭೆಗೆ ಬರತೊಡಗಿದರು. ನವೆಂಬರ್‌ನಲ್ಲಿ ಹಿಲರಿಯವರಿಗೆ ದೇಶದಾದ್ಯಂತ 28 ಲಕ್ಷಕ್ಕೂ ಹೆಚ್ಚು ವೋಟು ಜಾಸ್ತಿ ಬಿತ್ತು. ಸೋತದ್ದು ವಿಸ್ಕಾನ್ಸಿನ್, ಮಿಷಿಗನ್, ಪೆನ್ಸಿಲ್ವೇನಿಯಾ ಮೂರೂ ಸೇರಿ 80 ಸಾವಿರವೂ ಮುಟ್ಟದ ಅಂತರದಲ್ಲಿ. ಅಭ್ಯರ್ಥಿಯಾದ ಮೇಲೆ ವಿಸ್ಕಾನ್ಸಿನ್‌ಗೆ ಅವರು ಒಮ್ಮೆಯೂ ಕಾಲಿಟ್ಟಿರಲಿಲ್ಲ. ಬುಟ್ಟಿ ಹೆಣೆಯಲು ಪುರುಸೊತ್ತಿತ್ತು, ಬಸ್ಸು ಹತ್ತಲು ಇರಲಿಲ್ಲ.

2023ರ ಆಗಸ್ಟ್‌ನಲ್ಲಿ ಜಾರ್ಜಿಯಾದ ಜೈಲಿನಲ್ಲಿ ಟ್ರಂಪ್ ಅವರ ಆರೋಪಿ ಫೋಟೋ ತೆಗೆದರು. ನಮ್ಮಲ್ಲಿ ಅಂಥ ಫೋಟೋ ಇರುವುದು ಠಾಣೆಯ ಬೋರ್ಡಿನಲ್ಲಿ. ಅವರು ಕಾಫಿ ಮಗ್ಗಿನ ಮೇಲೆ ಅಚ್ಚು ಹಾಕಿಸಿ ಮಾರಿದರು.

2024ರ ಕಸದ ಪ್ರಕರಣವನ್ನಂತೂ ವ್ಯಾಕರಣದ ಪಾಠಕ್ಕೆ ಸೇರಿಸಬೇಕು. ಅಕ್ಟೋಬರ್ 27ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಟ್ರಂಪ್ ಸಭೆ. ವೇದಿಕೆ ಹತ್ತಿದ ಹಾಸ್ಯಗಾರನೊಬ್ಬ ಪೋರ್ಟೊರಿಕೊವನ್ನು ಸಮುದ್ರದಲ್ಲಿ ತೇಲುವ ಕಸದ ದ್ವೀಪ ಎಂದುಬಿಟ್ಟ. ಮತದಾನಕ್ಕೆ ಉಳಿದಿದ್ದದ್ದು ಒಂಬತ್ತೇ ದಿನ. ಪೆನ್ಸಿಲ್ವೇನಿಯಾದಲ್ಲಿ ಆ ಮೂಲದವರು ಲಕ್ಷಗಟ್ಟಲೆ ಇದ್ದಾರೆ. ಕಸ ಬಿದ್ದಿದ್ದದ್ದು ಅವರ ಅಂಗಳದಲ್ಲಿ. ನೀವು ಬೇಲಿಗೊರಗಿ ಸುಮ್ಮನೆ ನಿಂತಿದ್ದರೆ ಸಾಕಿತ್ತು. ಎರಡೇ ದಿನಕ್ಕೆ ಬೈಡನ್ ಯಜಮಾನರು ಪೊರಕೆ ಹಿಡಿದು ಹೋಗಿ, ಅದನ್ನೆಲ್ಲ ಗುಡಿಸಿ ತಂದು ನಿಮ್ಮ ಅಂಗಳದಲ್ಲಿ ಸುರಿದರು: ತೇಲುವ ಕಸ ತಮಗೆ ಕಾಣುವುದು ಟ್ರಂಪ್ ಬೆಂಬಲಿಗರಲ್ಲೇ ಎಂಬರ್ಥದ ಮಾತಾಡಿ. ಊರೆಲ್ಲ ಗುಲ್ಲೆದ್ದ ಮೇಲೆ ಶ್ವೇತಭವನ ವ್ಯಾಕರಣಕ್ಕಿಳಿಯಿತು. ಅಧ್ಯಕ್ಷರು ಹೇಳಿದ್ದು 'ಬೆಂಬಲಿಗರು' ಎಂದಲ್ಲ, 'ಬೆಂಬಲಿಗನ' ಎಂದು. ಕಸ ಎಂದದ್ದು ಆ ಒಬ್ಬ ಹಾಸ್ಯಗಾರನ ಮಾತಿಗೆ ಮಾತ್ರ ಎಂದು ಲಿಖಿತ ಪ್ರತಿಯಲ್ಲೊಂದು ಅಪಾಸ್ಟ್ರಫಿ ಸಿಕ್ಕಿಸಿತು. ಪ್ರಥಮಾ ವಿಭಕ್ತಿಯೋ ಷಷ್ಠಿಯೋ ಎಂದು ನಿಮ್ಮ ಪಂಡಿತರು ತರ್ಕ ಮಾಡುತ್ತಿರುವಾಗ, ಮರುದಿನವೇ, ಟ್ರಂಪ್ ವಿಸ್ಕಾನ್ಸಿನ್‌ನ ಗ್ರೀನ್ ಬೇಯಲ್ಲಿ ಪೌರಕಾರ್ಮಿಕರು ಹಾಕುವಂಥ ಮಿಂಚುವ ಅಂಗಿ ತೊಟ್ಟು ಕಸದ ಲಾರಿಯಲ್ಲಿ ಕೂತಿದ್ದರು. ಅದೇ ಅಂಗಿಯಲ್ಲಿ ಭಾಷಣಕ್ಕೂ ಹೋದರು. ನಮ್ಮ ಬೀದಿಗೆ ಕಸದ ಗಾಡಿ ಹಾಡು ಹಾಕಿಕೊಂಡು ಬಂದಾಗಲೆಲ್ಲ ನನಗೆ ನಿಮ್ಮದೇ ನೆನಪು.

ಸೋತ ಮೇಲಾದರೂ ಬುದ್ಧಿ ಬಂತೇ? ಈ ಮಾರ್ಚ್‌ನಲ್ಲಿ ಟ್ರಂಪ್ ಸಂಸತ್ತಿನಲ್ಲಿ ಭಾಷಣ ಮಾಡುವಾಗ ನಿಮ್ಮವರು ಹಿಡಿಕೆಯಿರುವ ಪುಟ್ಟ ಫಲಕಗಳನ್ನು ಎತ್ತಿ ಹಿಡಿದು ಕೂತರು. ಒಂದರಲ್ಲಿ 'ಸುಳ್ಳು' ಎಂದಿತ್ತು. ಹರಾಜು ಕೂಗುವ ಜಾಗಕ್ಕೆ ತಪ್ಪಿ ಬಂದವರ ಹಾಗೆ ಕಾಣುತ್ತಿದ್ದರು. ಟೆಕ್ಸಾಸ್‌ನ ಆಲ್ ಗ್ರೀನ್ ಎಂಬ ಹಿರಿಯರೊಬ್ಬರು ಊರುಗೋಲೆತ್ತಿ ಎದ್ದು ನಿಂತು ಕೂಗಿದರು. ಅವರನ್ನು ಹೊರಗೆ ಕಳಿಸಿದರು. ಆಮೇಲೆ ಅವರ ಮೇಲೆ ಖಂಡನಾ ನಿರ್ಣಯ ಬಂದಾಗ ನಿಮ್ಮದೇ ಹತ್ತು ಮಂದಿ ಆ ಕಡೆಗೆ ವೋಟು ಹಾಕಿದರು. ಏಪ್ರಿಲ್‌ನಲ್ಲಿ ಸೆನೆಟ್ ನಾಯಕ ಚಕ್ ಶೂಮರ್ ಟೀವಿಯಲ್ಲಿ ಕೂತು, ಟ್ರಂಪ್‌ಗೆ ಭಾರಿ ಖಡಕ್ಕಾದ ಪತ್ರ ಬರೆದಿದ್ದೇವೆ, ಎಂಟು ಖಡಕ್ ಪ್ರಶ್ನೆ ಕೇಳಿದ್ದೇವೆ ಎಂದರು. ಎಂಟಕ್ಕೂ ಉತ್ತರಿಸಬೇಕೋ, ಬೇಕಾದ ಐದಕ್ಕೆ ಉತ್ತರಿಸಿದರೆ ಸಾಕೋ ಅದನ್ನು ಹೇಳಲಿಲ್ಲ. ಪತ್ರ ಬರೆಯುವ ನಾನು ಪತ್ರ ಬರೆಯುವವರನ್ನು ನೋಡಿ ನಗಬಾರದು. ಆದರೆ ನನಗೆ ಬೇರೆ ಉಪಾಯವಿಲ್ಲ, ಅವರು ಸೆನೆಟರ್.

ನಿಮ್ಮ ಕೊಟ್ಟಿಗೆಯಲ್ಲಿ ನಮ್ಮವರೂ ಒಬ್ಬರಿದ್ದಾರೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ, ಡೆಟ್ರಾಯಿಟ್ ಕಡೆಯ ಸಂಸದ ಶ್ರೀ ಥಾಣೇದಾರ್. (ಮಾತೃಭಾಷೆ ಮರಾಠಿ. ಗಡಿ ತಂಟೆ ಬೇಡ, ಸದ್ಯಕ್ಕೆ ನಮ್ಮವರೆಂದೇ ಇಟ್ಟುಕೊಳ್ಳೋಣ.) ಅವರು ಏಪ್ರಿಲ್‌ನಲ್ಲಿ ಟ್ರಂಪ್ ವಿರುದ್ಧ ಏಳು ದೋಷಾರೋಪಗಳ ವಾಗ್ದಂಡನೆ ನಿರ್ಣಯ ತಂದರು. ಮೇನಲ್ಲಿ ಮತಕ್ಕೆ ಹಾಕಿಸಲು ಹೊರಟಾಗ ನಿಮ್ಮವರಿಂದಲೇ ಒತ್ತಡ ಬಂದು ಹಿಂದೆ ಸರಿದರು. 2019ರಲ್ಲೊಮ್ಮೆ, 2021ರಲ್ಲೊಮ್ಮೆ ವಾಗ್ದಂಡನೆಯಾಗಿ, ಎರಡು ಸಲವೂ ಸೆನೆಟ್‌ನಲ್ಲಿ ಪಾರಾದವರಿಗೆ ಮೂರನೆಯದರ ಹೆದರಿಕೆ ಎಷ್ಟಿರುತ್ತದೆ ಎಂಬುದು ಬೆಳಗಾವಿಯಲ್ಲಿ ಕುಂದಾ ಕಟ್ಟಿಕೊಡುವ ಹುಡುಗನಿಗೂ ಗೊತ್ತು.

ಇನ್ನು ಕ್ಯಾಲಿಫೋರ್ನಿಯಾದ ಗವರ್ನರ್ ಗ್ಯಾವಿನ್ ನ್ಯೂಸಮ್ ಹಗಲುವೇಷ ಕಟ್ಟಿದ್ದಾರೆ. ಟ್ರಂಪ್ ಹಾಗೆಯೇ ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆದು ಅಣಕಿಸುವುದು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲದ್ದರಿಂದ ಆ ಹಾಸ್ಯ ನಮಗೆ ಪೂರ್ತಿ ದಕ್ಕಲಿಲ್ಲ.

ಹಾಗಾದರೆ ಬಾಯಿ ಹೊಲಿದುಕೊಂಡು ಕೂರಬೇಕೇ ಎಂದು ಕಿವಿ ನಿಮಿರಿಸಬೇಡಿ. 2021ರ ಜನವರಿ 6ರಂದು ಗುಂಪು ಸಂಸತ್ತಿಗೆ ನುಗ್ಗಿದ್ದನ್ನು, ಆ ಪ್ರಕರಣದ ಸುಮಾರು 1,500 ಜನರಿಗೆ ಟ್ರಂಪ್ ಅಧಿಕಾರಕ್ಕೆ ಮರಳಿದ ದಿನವೇ ಮಾಫಿ ಸಿಕ್ಕಿದ್ದನ್ನು ಜೋರಾಗಿಯೇ ಹೇಳಬೇಕು, ಕೋರ್ಟು ಹತ್ತಬೇಕು. ಒದೆಯಬೇಕಾದಾಗ ಒದೆಯದಿದ್ದರೆ ಅದೆಂಥ ಕತ್ತೆ? ಆದರೆ ಒದೆ ಸವಾರನಿಗೆ ಬೀಳಬೇಕು ಸ್ವಾಮಿ. ನೀವು ಝಾಡಿಸಿದ್ದೆಲ್ಲ ರಸ್ತೆ ಪಕ್ಕ ನಿಂತು ನೋಡುತ್ತಿದ್ದವರ ಮೊಣಕಾಲಿಗೆ. ಏಟು ತಿಂದವರು ಕುಂಟುತ್ತ ಹೋಗಿ ಸವಾರನ ಹಿಂದೆ ನಿಂತರು. ಜನರನ್ನು ಒಡೆಯುವ ನಾಯಕನಿಗೆ ಬೇಕಾಗಿರುವುದು ಇಷ್ಟೇ: ಗೆರೆ ಅವನು ಎಳೆಯುತ್ತಾನೆ, ಜನರನ್ನು ಆ ಕಡೆಗೆ ತಳ್ಳುವ ಕೂಲಿ ಕೆಲಸ ನೀವು ಮಾಡಿಕೊಡಬೇಕು.

ಆ ರಸ್ತೆ ಪಕ್ಕದವರು ನಿಮ್ಮನ್ನು ಕೇಳುತ್ತಿದ್ದದ್ದಾದರೂ ಏನು? 2022ರ ಜೂನ್‌ನಲ್ಲಿ ನಿಮ್ಮಲ್ಲಿ ಹಣದುಬ್ಬರ ಶೇ 9.1 ಮುಟ್ಟಿತ್ತು, ನಲವತ್ತು ವರ್ಷಗಳಲ್ಲೇ ಹೆಚ್ಚು. ಆಮೇಲೆ ಇಳಿಯಿತು, ನಿಜ. ಹಣದುಬ್ಬರ ಇಳಿದ ಮಾತ್ರಕ್ಕೆ ಬೆಲೆ ಇಳಿಯುವುದಿಲ್ಲ, ಏರುವ ಓಟ ನಿಧಾನವಾಗುತ್ತದೆ ಅಷ್ಟೇ. ಇದಕ್ಕೆ ಅರ್ಥಶಾಸ್ತ್ರ ಬೇಡ, ಚೀಲ ಹಿಡಿದು ಸಂತೆಗೆ ಹೋಗಿಬಂದರೆ ಸಾಕು. ಮೊಟ್ಟೆ ಕೊಳ್ಳಲು ಬಂದವಳಿಗೆ ನೀವು ಗ್ರಾಫ್ ತೋರಿಸಿದಿರಿ. 2024ರಲ್ಲಿ ನೂರು ಕೋಟಿ ಡಾಲರಿಗೂ ಹೆಚ್ಚು ಕೂಡಿಸಿದ ಪ್ರಚಾರದಲ್ಲಿ ಹ್ಯೂಸ್ಟನ್‌ಗೆ ಬಿಯಾನ್ಸೆಯನ್ನು ಕರೆಸಿದಿರಿ. ಆಕೆ ಮಾತಾಡಿ ಹೋದಳು, ಹಾಡಲೂ ಇಲ್ಲ. ಅದೇ ವಾರದ ಮೊದಲಲ್ಲಿ ಟ್ರಂಪ್ ಪೆನ್ಸಿಲ್ವೇನಿಯಾದ ಮ್ಯಾಕ್‌ಡೊನಾಲ್ಡ್ಸ್‌ನಲ್ಲಿ ಏಪ್ರನ್ ಕಟ್ಟಿ ಆಲೂಗಡ್ಡೆ ಕರಿಯುತ್ತಿದ್ದರು. ಅದೂ ನಾಟಕವೇ, ಅಂಗಡಿಯನ್ನು ಸಾರ್ವಜನಿಕರಿಗೆ ಮುಚ್ಚಿಸಿ ಆಡಿದ ನಾಟಕ. ಆದರೆ ಪಾತ್ರದ ಆಯ್ಕೆ ನೋಡಿ. ನಿಮ್ಮ ಅಭ್ಯರ್ಥಿ ಕಮಲಾ ಹ್ಯಾರಿಸ್ ಏಳಕ್ಕೆ ಏಳೂ ಹೊಯ್ದಾಟದ ರಾಜ್ಯಗಳಲ್ಲಿ ಸೋತರು.

ತುರ್ಕಿಯ ಕಥೆ ಕೇಳಿದ್ದೀರಾ? ಅಲ್ಲಿನ ಹಳೆಯ ಪಕ್ಷಕ್ಕೆ ತಲೆಗೆ ಬಟ್ಟೆ ಕಟ್ಟಿದ ಹೆಂಗಸರನ್ನು ಕಂಡರೆ ಮೂಗು ಮುರಿಯುವವರು ಎಂಬ ಹೆಸರಿತ್ತು. ಎರ್ಡೋಗನ್ ಎದುರು ವರ್ಷಾನುಗಟ್ಟಲೆ ಸೋತು ಸುಣ್ಣವಾಗಿ 2019ರಲ್ಲಿ ಕಾರ್ಯಕರ್ತರ ಕೈಗೊಂದು ಕಿರುಹೊತ್ತಿಗೆ ಕೊಟ್ಟರು. ಸಾರಾಂಶ ಎರಡೇ: ಎರ್ಡೋಗನ್ ಗೊಡವೆಗೆ ಹೋಗಬೇಡಿ, ಅವರನ್ನು ಪ್ರೀತಿಸುವವರನ್ನು ನೀವು ಪ್ರೀತಿಸಿ. ಇಸ್ತಾಂಬುಲ್ ಮೇಯರ್ ಚುನಾವಣೆಯಲ್ಲಿ ಆ ಪಕ್ಷದ ಇಮಾಮೊಗ್ಲು ಸುಮಾರು 13 ಸಾವಿರ ವೋಟಿನಿಂದ ಗೆದ್ದರು. ಆ ಚುನಾವಣೆಯನ್ನೇ ರದ್ದು ಮಾಡಿದರು. ಜೂನ್‌ನಲ್ಲಿ ಮತ್ತೆ ನಿಂತು 8 ಲಕ್ಷದಿಂದ ಗೆದ್ದರು. ಕಥೆ ಇಲ್ಲಿಗೆ ನಿಲ್ಲಿಸಿದರೆ ನಿಮಗೆ ಮೋಸ ಮಾಡಿದಂತಾಗುತ್ತದೆ: ಇದೇ ವರ್ಷ ಮಾರ್ಚ್‌ನಲ್ಲಿ ಅವರನ್ನು ಬಂಧಿಸಿದರು, ಈಗಲೂ ಜೈಲಿನಲ್ಲಿದ್ದಾರೆ. ಪ್ರೀತಿಯಿಂದ ವೋಟು ಬರುತ್ತದೆ, ಜಾಮೀನು ಬರುತ್ತದೆಂದು ನಾನು ಭರವಸೆ ಕೊಡಲಾರೆ.

ಅಷ್ಟು ದೂರ ಯಾಕೆ, ನಿಮ್ಮ ಹಿತ್ತಲಲ್ಲೇ ಗಿಡವಿತ್ತು. 2024ರ ನವೆಂಬರ್‌ನಲ್ಲಿ ನೀವೆಲ್ಲ ಮುಸುಕೆಳೆದು ಮಲಗಿದ್ದಾಗ ಜೊಹ್ರಾನ್ ಮಮ್ದಾನಿ ಎಂಬ ಯುವಕ ಮೈಕು ಹಿಡಿದು ನ್ಯೂಯಾರ್ಕಿನ ಕ್ವೀನ್ಸ್, ಬ್ರಾಂಕ್ಸ್ ಬೀದಿಗಳಲ್ಲಿ ನಿಂತ. ಟ್ರಂಪ್‌ಗೆ ಯಾಕೆ ವೋಟು ಹಾಕಿದಿರಿ ಎಂದು ಬಂದವರನ್ನೆಲ್ಲ ಕೇಳಿದ. ಅವರು ಹೇಳುವಾಗ ಮಧ್ಯೆ ಬಾಯಿ ಹಾಕಲಿಲ್ಲ. ಬಾಡಿಗೆ, ಬಸ್ಸು, ದಿನಸಿ ಎಂದರು. ಅವನ್ನೇ ಪ್ರಣಾಳಿಕೆ ಮಾಡಿಕೊಂಡ. ಮೊನ್ನೆ ನವೆಂಬರ್‌ನಲ್ಲಿ ಗೆದ್ದು, ಬರುವ ಗುರುವಾರ ಮೇಯರ್ ಆಗುತ್ತಿದ್ದಾನೆ. ಶೂಮರ್ ಸಾಹೇಬರು ಕೊನೆಯವರೆಗೂ ಅವನಿಗೆ ಬೆಂಬಲ ಸಾರಲಿಲ್ಲ. ಖಡಕ್ ಪತ್ರದಲ್ಲಿ ಮಗ್ನರಾಗಿದ್ದರೇನೋ.

ನವೆಂಬರ್ 21ರಂದು ಅವನು ಶ್ವೇತಭವನಕ್ಕೆ ಹೋದ. ಟ್ರಂಪ್ ಅಲ್ಲಿಯವರೆಗೆ ಅವನನ್ನು ಕಮ್ಯುನಿಸ್ಟ್ ಎಂದು ಬೈದಿದ್ದರು, ಇವನು ಅವರನ್ನು ಫ್ಯಾಸಿಸ್ಟ್ ಎಂದಿದ್ದ. ಈಗಲೂ ಹಾಗೆಯೇ ಹೇಳುತ್ತೀರಾ ಎಂದು ವರದಿಗಾರರೊಬ್ಬರು ಕೇಳಿದರು. ಅವನು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಟ್ರಂಪ್ ಅವನ ತೋಳು ತಟ್ಟಿ, ಹೌದು ಅಂದುಬಿಡಪ್ಪ, ವಿವರಿಸುವುದಕ್ಕಿಂತ ಅದೇ ಸುಲಭ, ಎಂಬಂತೆ ನಕ್ಕರು. ನಿಮ್ಮ ಬತ್ತಳಿಕೆಯ ಅತಿ ದೊಡ್ಡ ಬೈಗುಳ ಗರ್ದಭರಾಯರೇ, ಅದಕ್ಕೂ ಮನೆಯಲ್ಲಿ ಕುರ್ಚಿ ಹಾಕಿ ಕೂರಿಸಿದರು.

ಇಂತಿ ತಮ್ಮ ಹಿತೈಷಿ,
ವೋಟಿಲ್ಲದವನು

ತಾ.ಕ.: 2024ರ ಸೋಲಿನ ಬಗ್ಗೆ ನಿಮ್ಮ ಪಕ್ಷ ಮರಣೋತ್ತರ ಪರೀಕ್ಷೆ ನಡೆಸಿ, ವರದಿಯನ್ನು ಪ್ರಕಟಿಸುವುದಿಲ್ಲ ಎಂದು ಅಧ್ಯಕ್ಷ ಕೆನ್ ಮಾರ್ಟಿನ್ ಈ ತಿಂಗಳು ಹೇಳಿದ್ದನ್ನು ಓದಿದೆ. ಬೀರುವಿನಲ್ಲಿ ಸುಮ್ಮನೆ ಕೂತಿದ್ದರೆ ನನಗೊಂದು ಜೆರಾಕ್ಸ್ ಕಳಿಸಿ. ಇಲ್ಲಿ ಸೋತ ಪಕ್ಷಗಳು ಆತ್ಮಾವಲೋಕನ ಸಭೆ ಕರೆದು, ಬಿಸಿಬೇಳೆಬಾತ್ ತಿಂದು, ಇವಿಎಂ ಬೈದು ಎದ್ದುಬಿಡುತ್ತವೆ. ವರದಿ ಬರೆಯುವ ಪದ್ಧತಿ ಅಷ್ಟಾಗಿ ಇಲ್ಲ. ಅಂಚೆ ಅಕ್ಟೋಬರ್‌ನಿಂದ ಮತ್ತೆ ಶುರುವಾಗಿದೆ. ಟಪಾಲು ಖರ್ಚು ನಾನೇ ಕೊಡುತ್ತೇನೆ, ಸುಂಕ ಬಿದ್ದರೆ ನಿಮ್ಮದು.